ಕೇಕಿನಡಿಯ ಮರಳು

"ವೇಳಾಂಕಣ್ಣಿ ಮಾತೆ ಮ್ಯಾಲಾಣೆ ಶಶಿರೇಖ, ನಾನು ಏಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ಈ ನಾಲ್ಗೆ ಇಲ್ಲೇ ಉದುರೋಗ್ಲಿ," ಎಂದು ಲೂರ್ದಮ್ಮ ನಲ್ಲಿಯ ಕೆಳಗಿದ್ದ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ, ನಾಲಿಗೆಯನ್ನು ಹೊರಚಾಚಿಯೂ ತೋರಿಸಿದಳು. "ನನ್ ಸೊಸೆ ಕೇಕ್ ಬೇಯ್ಸಕ್ಕೆ ಮರಳು ತಂದವ್ಳಲ್ಲ, ಅದು ಎಲ್ಲೀದು ಗೊತ್ತಾ? ಕೋರಮಂಡಲ್ ಕಡೆ ಸೈನೈಡ್ ಗುಡ್ಡದ್ದು!"

ನಾಲಿಗೆ ಉದುರಲಿಲ್ಲ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರ ಆ ಲೈನ್ ಮನೆಗಳ ನಡುವೆ ಲೂರ್ದಮ್ಮ ಇಟ್ಟ ಆಣೆಗಳನ್ನೆಲ್ಲ ಕೇಳಿಸಿಕೊಂಡು ಮಾತೆಗೂ ಬೇಸರ ಬಂದಿರಬೇಕು.

ಎದುರುಮನೆಯ ಶಶಿರೇಖ ಬಾಯಿಗೆ ಸೆರಗು ಹಿಡಿದಳು. "ಅಯ್ಯಯ್ಯೋ, ಚಿನ್ನ ತೆಗೆದು ಬಿಸಾಕಿರೋ ಮಣ್ಣಾ? ಅದ್ರಲ್ಲಿ ಇಸ ಐತೆ ಅಂತಾರಲ್ಲ ಲೂರ್ದಕ್ಕ?"

"ಅಂತಾರೇನು, ಐತೆ. ಒಬ್ಳು ಆ ಗುಡ್ಡದ ಮ್ಯಾಲೆ ಲಂಗ ಒಣಗಾಕಿ ಬಂದ್ಲು. ಸಾಯಂಕಾಲ ಓಗಿ ನೋಡಿದ್ರೆ ಲಾಡಿ ಮಾತ್ರ ಐತೆ. ಲಂಗದೊಳಗೆ ಅವ್ಳು ಇರ್ಲಿಲ್ಲ, ಬದ್ಕಿದ್ಲು."

"ಮತ್ತೆ ನೀವು ಬೇಡ ಅನ್ನಬಾರ್ದಾ?"

"ಸೊಸೇಗೆ ಅತ್ತೆ ಬುದ್ಧಿ ಏಳೋ ಕಾಲವೇನಮ್ಮ ಇದು? ಓಗ್ಲಿ ಬಿಡು. ನಾನು ಏಳ್ದೆ ಅಂತ ಯಾರ ಕೈಲೂ ಅನ್ಬೇಡ."

ಹೀಗೆಂದರೆ ಸಂಜೆಯೊಳಗೆ ಲೈನಿಗೆಲ್ಲ ತಿಳಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ನೀರು ಹೊತ್ತುಕೊಂಡು ಮನೆಗೆ ಬಂದಳು. ಮನಸ್ಸು ಹಗುರವಾಗಿತ್ತು. ಬಿಂದಿಗೆಯೂ ಹಗುರವೆನಿಸಿತು.

ಮರಳು ಬಂದದ್ದು ಬಂಗಾರಪೇಟೆ ಪಕ್ಕದ ಊರಿನಿಂದ. ಸೊಸೆ ಅಂಬಿಕಳ ಅಪ್ಪ ಆಂಜಿನಪ್ಪ ತನ್ನ ಹೊಲದಂಚಿನ ಹಳ್ಳದಲ್ಲಿ ಬಗೆದು, ಹಾಲಿನ ಕ್ಯಾನಿಗೆ ತುಂಬಿ, ಮಾರಿಕುಪ್ಪಂ ರೈಲಿನಲ್ಲಿ ಎರಡು ಕಾಲುಗಳ ನಡುವೆ ಇಟ್ಟುಕೊಂಡು ತಂದುಕೊಟ್ಟಿದ್ದ. ಅಂಬಿಕ ಅದನ್ನು ನೀರು ತಿಳಿಯಾಗುವ ತನಕ ತೊಳೆದು ಹಳೇ ಬೆಡ್‌ಶೀಟಿನ ಮೇಲೆ ಒಣಗಿಸಿದ್ದಳು. ತೊಳೆಯುವಾಗ ಚೊಂಬಿನಿಂದ ನೀರು ಹೊಯ್ದವಳು ಲೂರ್ದಮ್ಮನೇ.

ಮೊದಲೆಲ್ಲ ಮರಳಿನ ಮಾತೇ ಇರಲಿಲ್ಲ. ಕ್ರಿಸ್‌ಮಸ್ ಬಂತೆಂದರೆ ಹೆಂಗಸರು ಹಿಟ್ಟು ಮನೆಯಲ್ಲಿ ಕಲಸಿ, ಟ್ರೇಗೆ ಸುರಿದು, ಸೌದೆ ಒಲೆಯ ಬೇಕರಿಗೆ ಹೊತ್ತುಕೊಂಡು ಹೋಗಿ ಬೇಯಿಸಿಕೊಂಡು ಬರುತ್ತಿದ್ದರು. ಯಾರ ಟ್ರೇ ಯಾರದೆಂದು ತಿಳಿಯಲು ಹಿಟ್ಟಿನ ಮೇಲೆ ಗೋಡಂಬಿಯಲ್ಲಿ ಗುರುತು ಮಾಡುವುದು ರೂಢಿ. ಲೂರ್ದಮ್ಮನದು ಶಿಲುಬೆ. ಸಾಲಿನಲ್ಲಿ ಅವಳ ಟ್ರೇಯೇ ಮೊದಲು ಒಳಗೆ ಹೋಗಬೇಕು. ಹಿಂದೆ ನಿಂತವರ ಹಿಟ್ಟನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿ, "ಪಾಪ, ನಿಂದು ಬಿಸ್ಕತ್ತಾಗ್ತದೆ" ಎಂದು ಸಮಾಧಾನ ಹೇಳುತ್ತಿದ್ದಳು. ಈ ವರ್ಷ ಬೇಕರಿಯವರು ಒಲೆ ಒಡೆಸಿ ಕರೆಂಟಿನದು ಇಟ್ಟುಕೊಂಡರು. ಹೊರಗಿನ ಟ್ರೇ ಬೇಡ ಎಂದರು. ಹಾಗಾದರೆ ಈ ಸಲ ಯಾರ ಮನೆಯಲ್ಲೂ ಕೇಕಿಲ್ಲ ಎಂದು ಲೂರ್ದಮ್ಮ ಒಂದು ರೀತಿಯಲ್ಲಿ ನೆಮ್ಮದಿಯಾಗಿಯೇ ಇದ್ದಳು. ಅಷ್ಟರಲ್ಲಿ ಅಂಬಿಕ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ದೊಡ್ಡ ಡಬರಿಯ ತಳಕ್ಕೆ ಮರಳು ಹರಡಿ, ಅದರ ಮೇಲೆ ಟ್ರೇ ಇಟ್ಟು ಮುಚ್ಚಿ, ಒಂದು ಸಣ್ಣ ಕೇಕನ್ನು ಬೇಯಿಸಿಯೇ ಬಿಟ್ಟಳು.

ಮನೆಮಾತಾದ ತಮಿಳು ಸೊಸೆಗೆ ಬಾರದು. ಅವಳನ್ನು ಬೈಯುವುದಕ್ಕೆಂದೇ ಲೂರ್ದಮ್ಮ ಈ ಏಳು ವರ್ಷದಲ್ಲಿ ಕನ್ನಡವನ್ನು ಬಹಳ ಚೆನ್ನಾಗಿ ಕಲಿತಿದ್ದಳು. ಆದರೆ ಆ ದಿನ ಬೈಯಲು ಬಾಯಿ ತೆರೆಯುವ ಮೊದಲೇ ಮಗ ಸುಧಾಕರ್ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಅಮ್ಮಾ, ಇದು ನಿನ್ನ ಕೇಕಿಗಿಂತ ಮೆತ್ತಗೈತೆ" ಎಂದ. ಹೇಳಿ, ಬೆರಳು ಬೇರೆ ನೆಕ್ಕಿದ.

ಆ ಮನೆಯಲ್ಲಿ ಕ್ರಿಸ್‌ಮಸ್ ದಿನ ಕೇಕಿನ ಚಾಕು ಯಾರ ಕೈಯಲ್ಲಿರುತ್ತದೋ ವರ್ಷವಿಡೀ ಅಡುಗೆಮನೆ ಅವರದು. ಲೂರ್ದಮ್ಮನ ಅತ್ತೆ ಸಾಯುವ ಮುಂಚಿನ ಕ್ರಿಸ್‌ಮಸ್‌ನಲ್ಲೂ ಮಂಚದ ಮೇಲೆ ಒರಗಿಕೊಂಡೇ ಕೇಕು ಕೊಯ್ದಿದ್ದಳು. ಚಾಕು ಕೈಗೆ ಬರಲೆಂದು ಲೂರ್ದಮ್ಮ ಅಷ್ಟು ವರ್ಷ ಕಾದಿದ್ದಳು, ಅಷ್ಟು ಜಪಮಾಲೆ ತಿರುಗಿಸಿದ್ದಳು. ಬಂಗಾರಪೇಟೆಯ ಹಾಲಿನವನ ಮಗಳಿಗೆ ಬಿಟ್ಟುಕೊಡಲು ಅಲ್ಲ. ಮರುದಿನವೇ ಅವಳು ಖಾಲಿ ಬಿಂದಿಗೆ ಹಿಡಿದು ನಲ್ಲಿಗೆ ಹೋದದ್ದು.

ಹಬ್ಬದ ಹಿಂದಿನ ದಿನ ಅಂಬಿಕ ಲೈನಿನ ಮನೆಮನೆಗೂ ತಟ್ಟೆ ಕಳಿಸಿದಳು. ಕೇಕು, ಎಣ್ಣೆಯಲ್ಲಿ ಕರಿದ ಸಿಹಿ ಕಲ್‌ಕಲ್, ಎರಡು ಬಾಳೆಹಣ್ಣು, ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ. ಹಬ್ಬದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಆ ಲೈನಿನಲ್ಲಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಾರೆ. ತಟ್ಟೆಗಳು ಬೇಗ ಬೇಗ ಹಿಂದಿರುಗಿದವು. ಕಲ್‌ಕಲ್ ಇಲ್ಲ, ಬಾಳೆಹಣ್ಣಿಲ್ಲ. ಕೇಕು ಇಟ್ಟಲ್ಲೇ ಇತ್ತು, ಅದರ ಮೇಲೆ ಸಕ್ಕರೆ ಸುರಿದಿತ್ತು. ಪದ್ಧತಿ ಯಾರೂ ತಪ್ಪಲಿಲ್ಲ.

ಅಂಬಿಕ ಕೊನೆಯ ತಟ್ಟೆಯನ್ನು ಹಿಡಿದುಕೊಂಡು ಯಾಕೆಂದು ಕೇಳಲು ಎದುರುಮನೆಯ ಶಶಿರೇಖಳ ಹತ್ತಿರ ಹೋದಳು. ಸ್ವಲ್ಪ ಹೊತ್ತಿನಲ್ಲೇ ಬಂದಳು. ಬಂದವಳು ಅತ್ತೆಯನ್ನೊಮ್ಮೆ ನೋಡಿದಳು. ನೆಲದ ಮೇಲೆ ಕೂತು ಒಂದೊಂದೇ ತುಂಡಿನ ಮೇಲಿನ ಸಕ್ಕರೆಯನ್ನು ಸೀರೆಯ ತುದಿಯಿಂದ ಒರೆಸತೊಡಗಿದಳು. ಲೂರ್ದಮ್ಮ ಬಾಗಿಲಿಗೆ ಒರಗಿ ನಿಂತು ನೋಡಿದಳು.

"ಜನಕ್ಕೆ ನಿನ್ನ ಕೈಯಡ್ಗೆ ಇಡಿಸ್ಲಿಲ್ವೇನೋ. ಅಳ್ಬೇಡ ಬಿಡು."

"ನಾನು ಅಳ್ತಾ ಇಲ್ಲ ಅತ್ತೆ," ಎಂದಳು ಅಂಬಿಕ. ನಿಜಕ್ಕೂ ಅಳುತ್ತಿರಲಿಲ್ಲ. ಲೂರ್ದಮ್ಮನಿಗೆ ಅದೊಂದೇ ಕೊರತೆಯೆನಿಸಿತು.

ಹಬ್ಬದ ದಿನ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಷ್ಟರಲ್ಲಿ ಲೈನಿನ ಹೆಂಗಸರು ಮನೆಮುಂದೆ ನೆರೆದಿದ್ದರು. ಹಬ್ಬದ ಶುಭಾಶಯ ಹೇಳುವುದಕ್ಕೆ ಎಂದರು. ಈ ಮನೆಯವರು ಆ ಕೇಕು ತಿಂದರೋ ಇಲ್ಲವೋ, ತಿಂದಿದ್ದರೆ ಹೇಗಿದ್ದಾರೋ ಎಂದು ನೋಡುವ ಆಸೆಯೂ ಇತ್ತು. ಶಶಿರೇಖ ಎಲ್ಲರಿಗಿಂತ ಮುಂದೆ, ಚೆನ್ನಾಗಿ ಕಾಣುವ ಜಾಗ ಹಿಡಿದು ಕೂತಳು.

ಅಂಬಿಕ ದೊಡ್ಡ ಕೇಕನ್ನು ತಂದು ಮೇಜಿನ ಮೇಲಿಟ್ಟಳು. ಆಮೇಲೆ ಚಾಕುವನ್ನು ತಂದು, ಹಿಡಿಯನ್ನು ಅತ್ತೆಯ ಕಡೆಗೆ ಮಾಡಿ ಚಾಚಿದಳು.

"ತಗೊಳ್ಳಿ ಅತ್ತೆ. ಯಾವಾಗ್ಲೂ ನೀವೇ ಅಲ್ವಾ ಕೊಯ್ಯೋದು."

ಲೂರ್ದಮ್ಮ ಇದನ್ನು ನಿರೀಕ್ಷಿಸಿರಲಿಲ್ಲ. ತನಗೆ ಬೇಡವೆಂದರೆ ಚಾಕು ಸೊಸೆಯ ಕೈಗೆ ಹೋಗುತ್ತದೆ, ಅದೂ ಇಷ್ಟು ಜನರೆದುರು. ಅವಳು ಹೆಚ್ಚು ಯೋಚಿಸಲಿಲ್ಲ. ತೆಗೆದುಕೊಂಡಳು.

ಚಾಕು ಇಳಿದದ್ದೇ ತಿಳಿಯಲಿಲ್ಲ. ಮೊದಲ ತುಂಡು ಬಾಗಿ ಅಂಗೈಗೆ ಬಂತು. ಲೂರ್ದಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಸುಟ್ಟ ಸಕ್ಕರೆಯ ಬಣ್ಣ ಅಂಚಿನಿಂದ ಅಂಚಿಗೆ ಒಂದೇ ಸಮ. ದ್ರಾಕ್ಷಿ ಒಂದೂ ತಳಕ್ಕಿಳಿದಿಲ್ಲ, ಎಲ್ಲವೂ ನಡುವಿನಲ್ಲಿ ತೇಲಿಕೊಂಡು ನಿಂತಿವೆ. ತನ್ನ ಕೇಕಿನಲ್ಲಿ ದ್ರಾಕ್ಷಿ ಯಾವತ್ತೂ ತಳ ಸೇರುತ್ತಿದ್ದವು. ಹಿಟ್ಟಿಗೆ ಹಾಕುವ ಮುಂಚೆ ಮೈದಾದಲ್ಲಿ ಹೊರಳಿಸಿರಬೇಕು ಇವಳು, ಎಂದುಕೊಂಡಳು. ಅಥವಾ ಬೆಣ್ಣೆ ಕಡಿಮೆ ಹಾಕಿದ್ದಾಳೋ? ಬೆರಳಿನಿಂದ ಅಮುಕಿದಳು. ಒತ್ತಿದ ಜಾಗ ಮೆಲ್ಲಗೆ ಮೇಲೆದ್ದು ಬಂತು.

ಮೊದಲ ತುಂಡು ಮನೆಯ ಚಿಕ್ಕ ಬಾಯಿಗೆ. ಪ್ರತಿ ವರ್ಷದ ಪದ್ಧತಿ. ಮೊಮ್ಮಗಳು ಶೆರಿನ್ ಆಗಲೇ ಮೇಜಿಗೆ ಗದ್ದವೂರಿ ಬಾಯಿ ತೆರೆದು ನಿಂತಿದ್ದಳು. ಲೂರ್ದಮ್ಮ ಬೆಣ್ಣೆಯ ಲೆಕ್ಕದಲ್ಲೇ ಇದ್ದಳು. ಕೈ ತನ್ನಷ್ಟಕ್ಕೆ ತಾನೇ ಹೋಗಿ ತುಂಡನ್ನು ಮಗುವಿನ ಬಾಯಿಗಿಟ್ಟಿತು.

"ಮೆಲ್ಲ ತಿನ್ನು ಪಾಪ್ಪಾ, ಗಂಟ್ಲು ಇಡ್ಕೊಂತದೆ," ಎಂದೂ ಹೇಳಿದಳು.

ಹೆಂಗಸರೆಲ್ಲ ಕತ್ತು ಚಾಚಿ ಮಗುವಿನ ಬಾಯಿ ನೋಡಿದರು. ಮಗು ಅಗಿಯುವ ಸದ್ದು ಕೇಳಿಸಿತು.

"ಲೂರ್ದಕ್ಕ," ಶಶಿರೇಖ ನಿಧಾನವಾಗಿ ಎದ್ದು ನಿಂತಳು. "ಮಗೀಗೆ ತಿನ್ನಿಸ್ಬುಟ್ರಲ್ಲ."

ಸುಧಾಕರ್ ಒಬ್ಬೊಬ್ಬರ ಮುಖವನ್ನೂ ನೋಡಿದ. "ತಿನ್ನಿಸಿದ್ರೆ ಏನು?"

"ಸೈನೈಡ್ ಗುಡ್ಡದ ಮರಳಲ್ಲಿ ಬೇಯ್ಸಿದ್ದು ಅಂತ ನಿಮ್ಮಮ್ಮನೇ ಏಳಿದ್ದಪ್ಪ. ಮಾತೆ ಮ್ಯಾಲೆ ಆಣೆ ಬೇರೆ ಇಟ್ರು. ನಮ್ ಮನೇಲಿ ಯಾರೂ ಮುಟ್ಲಿಲ್ಲ."

ಅಂಬಿಕ ಗೋಡೆಗೆ ಒರಗಿ ನಿಂತಿದ್ದಳು. ಧ್ವನಿ ಎತ್ತಲಿಲ್ಲ. "ಇಸ ಅಂತ ಗೊತ್ತಿದ್ದೂ ಮಗೀಗೆ ಇಟ್ರಾ ಅತ್ತೆ, ಇಲ್ಲಾ ಸುಳ್ಳು ಏಳಿದ್ರಾ? ಯಾವ್ದಾದ್ರೂ ಒಂದು ನೀವೇ ಏಳ್ಬಿಡಿ. ಜನ ಕಾಯ್ತಾವ್ರೆ."

"ಅದು ಅಂಗಲ್ಲ," ಎಂದಳು ಲೂರ್ದಮ್ಮ. "ಸೈನೈಡು ಬಂದು ಏನಂದ್ರೆ, ಒಂದ್ಸಲ ಬಿಸಿ ಆಯ್ತು ಅಂದ್ರೆ ಅದು ಮ್ಯಾಲಕ್ಕೆ ಬರಲ್ಲ, ತಳದಲ್ಲೇ ಕೂತ್ಕೊಂತದೆ. ನಾನು ಮಗೀಗೆ ಕೊಟ್ಟಿದ್ದು ಮ್ಯಾಲಿಂದು. ಬೇಕಂದ್ರೆ ಮೈನ್ಸ್‌ನಲ್ಲಿ ಕೆಲ್ಸ ಮಾಡಿದೋರ್ನ ಕೇಳಿ..."

ಅಲ್ಲಿದ್ದವರಲ್ಲಿ ಅರ್ಧ ಜನರ ಗಂಡಂದಿರು ಮೈನ್ಸ್‌ನಲ್ಲಿ ಕೆಲಸ ಮಾಡಿದವರೇ. ಒಬ್ಬಳಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು, ಇನ್ನೊಬ್ಬಳಿಗೆ ನೀರು ಬರುವ ಹೊತ್ತಾಯಿತು. ಹೊರಡುವಾಗ ಶಶಿರೇಖ ಒಂದು ತುಂಡು ಕೇಕು ಕೈಗೆತ್ತಿಕೊಂಡು, ಲೂರ್ದಮ್ಮನ ಮುಖ ನೋಡುತ್ತಾ ನಿಂತಲ್ಲೇ ಪೂರ್ತಿ ತಿಂದಳು. "ಚೆನ್ನಾಗಿ ಬಂದೈತೆ ಅಂಬಿಕ, ಇನ್ನೆರಡು ಕಟ್ಟಿಕೊಡಮ್ಮಿ," ಎಂದಳು.

ಸುಧಾಕರ್ ತಾಯಿಯ ಕೈಯಿಂದ ಚಾಕು ತೆಗೆದುಕೊಂಡ. ಅವಳ ಬೆರಳುಗಳು ಬೇಗ ಬಿಡಲಿಲ್ಲ. ಅವನು ಒಂದೊಂದಾಗಿ ಬಿಡಿಸಿದ. ಚಾಕುವನ್ನು ಒರೆಸಿ ಹೆಂಡತಿಗೆ ಕೊಟ್ಟ. ಅಂಬಿಕ ಉಳಿದ ಕೇಕನ್ನು ಕೊಯ್ಯತೊಡಗಿದಳು. ಎಲ್ಲ ತುಂಡೂ ಒಂದೇ ಅಳತೆ.

ಲೂರ್ದಮ್ಮ ಹಿಂದಿನ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಶೆರಿನ್ ಬಂದು ಪಕ್ಕದಲ್ಲಿ ಕೂತಳು. ಅಜ್ಜಿ ಹೇಳುವ ಕತೆಗಳನ್ನು ಆ ಮನೆಯಲ್ಲಿ ಈಗಲೂ ನಂಬುತ್ತಿದ್ದವಳು ಅವಳೊಬ್ಬಳೇ. ಅವಳ ಗಲ್ಲಕ್ಕೆ ಕೇಕಿನ ಪುಡಿ ಅಂಟಿತ್ತು. ಲೂರ್ದಮ್ಮ ಒರೆಸಲು ಹೋಗಿ, ಬೇಡವೆಂದು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

"ನಿಮ್ ತಾತ ಐತಲ್ಲ ಪಾಪ್ಪಾ, ಆ ಗುಡ್ಡದ ಮ್ಯಾಲೇನೇ ಕೂತ್ಕೊಂಡು ಊಟ ಮಾಡ್ತಿತ್ತು. ದಿನಾ. ಏನೂ ಆಗ್ಲಿಲ್ಲ. ಒಂದಿನ ಏನಾಯ್ತು ಅಂದ್ರೆ, ಬುತ್ತಿ ಬಿಚ್ಚಿ ಇನ್ನೇನು ತುತ್ತು ಬಾಯಿಗಿಡ್ಬೇಕು, ಗುಡ್ಡ ಉಸ್ಸಂತ ಉಸಿರು ಬಿಡ್ತು. ತಾತ ತಿರುಗಿ ನೋಡ್ತದೆ, ಬೆನ್ನಿಂದೆ ನಿಂತಿರೋದು ಯಾರು ಅಂತೀಯ, ಬೆಳ್ಳಗೆ ಸೀರೆ ಉಟ್ಕೊಂಡು, ಕೈಲಿ..."

ಶೆರಿನ್ ಮಂಚದಿಂದ ಜಾರಿ ಇಳಿದು, ಫ್ರಾಕಿನ ಮೇಲಿನ ಪುಡಿಯನ್ನು ಕೊಡವಿಕೊಂಡು, ಇನ್ನೊಂದು ತುಂಡು ಕೇಳಲು ಅಮ್ಮನ ಹತ್ತಿರ ಹೊರಟುಹೋದಳು.