ಗಾಳಿ ಹಿಡಿಯುವ ಅತ್ತಿಗೆ

ನಮ್ಮ ಅತ್ತಿಗೆ ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುವುದು ಕಿಟಕಿಗಳನ್ನು. ಬೆರಳ ತುದಿಯನ್ನು ತುಸು ಒದ್ದೆ ಮಾಡಿಕೊಂಡು, ಚೌಕಟ್ಟಿನ ಅಂಚಿನುದ್ದಕ್ಕೂ ಸರಿಸುತ್ತ ಹೋಗಿ, ಎಲ್ಲೋ ಒಂದು ಕಡೆ ಗಾಳಿ ನುಸುಳುವುದು ತಾಗಿದೊಡನೆ ಗಕ್ಕನೆ ನಿಂತು, "ಇಲ್ಲೇ ಇದಾನೆ ಕಳ್ಳ!" ಎಂದು ಘೋಷಿಸಿದ ಮೇಲೆಯೇ ಮನೆಯವರ ಕ್ಷೇಮಸಮಾಚಾರ. ನನ್ನ ಮೇಲಧಿಕಾರಿ ಒಮ್ಮೆ ನಮ್ಮೆಲ್ಲರನ್ನೂ ಊಟಕ್ಕೆ ಕರೆದಿದ್ದರು. ಅವರ ಪತ್ನಿ ಬಾಗಿಲು ತೆರೆದು ಬನ್ನಿ ಬನ್ನಿ ಎನ್ನುವಷ್ಟರಲ್ಲಿ ಅತ್ತಿಗೆ ಹೊಸ್ತಿಲ ಬಳಿ ಮಂಡಿಯೂರಿ, ನೆಲಕ್ಕೆ ಕೆನ್ನೆ ಆನಿಸಿ, ಕದದಡಿಯ ಸಂದಿನಿಂದ ಬರುವ ಚಳಿಗಾಳಿಯನ್ನು ಪರೀಕ್ಷಿಸುತ್ತಿದ್ದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇವಳಿಗೆ ಗಾಳಿ ಹಿಡಿದಿದೆಯೋ, ಗಾಳೀನೇ ಇವಳು ಹಿಡೀತಾಳೋ, ನನಗಂತೂ ತಿಳೀದು" ಎನ್ನುತ್ತಿದ್ದಳು ಅಮ್ಮ.

ಅತ್ತಿಗೆಯ ವೃತ್ತಿ ಕನ್ನಡಕದ ಅಂಗಡಿಯಲ್ಲಿ. ಗಾಜು ಮೂಗಿನ ಮೇಲೆ ಕೂದಲೆಳೆಯಷ್ಟು ಓರೆಯಾಗಿ ಕೂತರೂ ಸಹಿಸದ ಜೀವ. ಎದುರುಗಾಳಿ ಇಲ್ಲದಾಗಲೂ ಎದುರುಗಾಳಿಗೆ ಒಡ್ಡಿಕೊಂಡವಳಂತೆ ಮುಂದಕ್ಕೆ ಬಾಗಿದ ನಡಿಗೆ. ಸೈಕಲ್ ಸರಪಳಿಗೆ ಸಿಕ್ಕೀತೆಂದು ಸದಾ ಮಡಚಿಟ್ಟ ಬಲಗಾಲಿನ ಪ್ಯಾಂಟಿನ ಅಂಚು. ರಬ್ಬರ್ ಪಟ್ಟಿ, ಸ್ಕ್ರೂಡ್ರೈವರ್, ಮಕ್ಕಳ ಮಿಠಾಯಿ ಎಲ್ಲ ಒಟ್ಟಿಗೇ ಸಂಸಾರ ಮಾಡುವ ಜೇಬುಗಳ ಕಂದು ಕೋಟು. ಮಾತು ಕಡಿಮೆ. ಯಾವ ಸಂಕಟ ಎದುರಾದರೂ "ಅದೇನ್ ಮಹಾ!" ಎಂಬ ಒಂದೇ ಮಂತ್ರ.

ಮನೆಯಲ್ಲಿ ಕಾರಿಲ್ಲ. ಮುಂದೆ ದೊಡ್ಡ ಮರದ ಪೆಟ್ಟಿಗೆಯುಳ್ಳ ಸೈಕಲ್ಲಿದೆ. ಬೆಳಗ್ಗೆ ಅದರಲ್ಲಿ ಅತ್ತಿಗೆಯ ಹೆಣ್ಣುಮಕ್ಕಳಿಬ್ಬರೂ ಜಗಳವಾಡುತ್ತ ಶಾಲೆಗೆ ಹೋಗುತ್ತಾರೆ. ಅದೇ ಶಾಲೆಯಲ್ಲಿ ಗಣಿತ ಕಲಿಸುವ ನಮ್ಮಣ್ಣ, ತನಗೂ ಈ ಮೆರವಣಿಗೆಗೂ ಸಂಬಂಧವಿಲ್ಲವೆಂಬ ಮುಖಮುದ್ರೆಯಲ್ಲಿ, ತನ್ನ ಸೈಕಲ್ಲಿನಲ್ಲಿ ಹಿಂಬಾಲಿಸುತ್ತಾನೆ. ಮಳೆ ಬಂದರೆ ಅವನು ಆಕಾಶ ನೋಡುತ್ತಾನೆ. ಅವಳು, "ಅದೇನ್ ಮಹಾ! ಕರಗೋಕೆ ನಾವೇನು ಸಕ್ಕರೆ ಬೊಂಬೆಗಳಾ?" ಎಂದು ಪೆಡಲು ತುಳಿಯುತ್ತಾಳೆ. ಅಮ್ಮ ಮಾತ್ರ ಆ ಪೆಟ್ಟಿಗೆಯಲ್ಲಿ ಕೂರಲು ಸುತರಾಂ ಒಪ್ಪಿರಲಿಲ್ಲ. "ನಾನೇನು ಆಲೂಗೆಡ್ಡೆ ಮೂಟೆನಾ?"

ಅಮ್ಮನಿಗೆ ಚಳಿ ಎಂದರೆ ಜೀವ ಹೋದಂತೆ. ಚಳಿಗಾಲ ಪೂರ್ತಿ ಹೀಟರಿನ ಪಕ್ಕದಿಂದ ಏಳುತ್ತಿರಲಿಲ್ಲ. ಮನೆಯೋ ಹಳೆಯದು, ಕಾಯಿಸಿದ ಶಾಖವೆಲ್ಲ ಸಂದುಗೊಂದುಗಳಿಂದ ಬೀದಿಪಾಲು. ಅತ್ತಿಗೆ ಪಣ ತೊಟ್ಟಳು. ಚಾವಣಿಯಡಿ ದಪ್ಪನೆಯ ಉಣ್ಣೆಹಾಸು ಹರಡಿದಳು, ಕಿಟಕಿಗಳಿಗೆ ಜೋಡಿಗಾಜು ಹಾಕಿಸಿದಳು, ಸಂದುಗಳಿಗೆಲ್ಲ ಪಟ್ಟಿ ಮೆತ್ತಿದಳು, ಕೊನೆಗೆ ಅಡುಗೆಮನೆಯ ಗವಾಕ್ಷಿಯನ್ನೂ ಗಾರೆಯಿಂದ ಮುಚ್ಚಿದಳು. ಆ ವರ್ಷ ಅಮ್ಮ ಶಾಲು ತೆಗೆದಿಟ್ಟು ಮನೆಯೆಲ್ಲ ಓಡಾಡಿದಳು. ಅತ್ತಿಗೆಯ ಮುಖದಲ್ಲಿ ಸಾಮ್ರಾಜ್ಯ ಗೆದ್ದ ಕಳೆ.

ಆದರೆ ಚಳಿ ಇಳಿಯುವ ಮುನ್ನವೇ ಅಮ್ಮನಿಗೆ ಉಬ್ಬಸ ಶುರುವಾಯಿತು. ಒಂದು ಬೆಳಗ್ಗೆ ಅದು ವಿಪರೀತಕ್ಕೆ ಹೋದಾಗ, ಬಾಡಿಗೆ ಕಾರಿಗೆ ಕಾಯದೆ, ಅತ್ತಿಗೆ ಅಮ್ಮನನ್ನು ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಕೂರಿಸಿಯೇಬಿಟ್ಟಳು. ನಾನು ಪಕ್ಕದಲ್ಲಿ ಓಡುತ್ತಿದ್ದೆ. ಆಸ್ಪತ್ರೆಯ ತಿರುವು ಬರುವಷ್ಟರಲ್ಲಿ ಅಮ್ಮ ಕಂಬಳಿಯಿಂದ ಮುಖ ಹೊರಹಾಕಿ ಹೇಳಿದಳು:

"ನಿಧಾನ ಕಣೇ. ಇಲ್ಲಿ ಉಸಿರು ಸಲೀಸಾಗಿದೆ. ಮನೆ ಒಳಗೇ ನನಗೆ ಕಷ್ಟ."

ಪೆಡಲು ತುಳಿಯುತ್ತಿದ್ದ ಕಾಲುಗಳು ಒಂದು ಕ್ಷಣ ತಡೆದವು. ವೈದ್ಯರು ಔಷಧಿ ಕೊಟ್ಟು ಕಳಿಸಿದ ಮೇಲೆ, ಮನೆಗೆ ಬಂದವಳೇ ಅತ್ತಿಗೆ ಅಮ್ಮನ ಕೋಣೆಯ ಬೀರುವನ್ನು ಎಳೆದು ಸರಿಸಿದಳು. ಹಿಂದಿನ ಗೋಡೆ ತುಂಬ ಕಪ್ಪು ಬೂಷ್ಟು. ನಮ್ಮ ಉಸಿರು, ಅಡುಗೆಯ ಹಬೆ, ಒಣಹಾಕಿದ ಬಟ್ಟೆಯ ತೇವ, ಯಾವುದಕ್ಕೂ ಹೊರಗೆ ಹೋಗಲು ದಾರಿಯಿಲ್ಲದೆ ಎಲ್ಲವೂ ಅಲ್ಲಿ ಬಂದು ನೆಲೆಸಿದ್ದವು.

ಅತ್ತಿಗೆ ಬಹಳ ಹೊತ್ತು ಆ ಗೋಡೆಯ ಮುಂದೆ ಕೂತಿದ್ದಳು. ಅಣ್ಣ ಏನೋ ಸಮಾಧಾನ ಹೇಳಲು ಹೋಗಿ ಹಿಂದಿರುಗಿದ. ಕೊನೆಗೆ ಅವಳೇ ಎದ್ದು ಅಮ್ಮನ ಬಳಿ ಬಂದಳು.

"ತಪ್ಪಾಯ್ತು ಅಮ್ಮ. ಮನೆಗೆ ಸ್ವೆಟರ್ ಹಾಕೋ ಭರದಲ್ಲಿ ಅದರ ಮೂಗೂ ಮುಚ್ಚಿಬಿಟ್ಟೆ."

"ನನಗೆ ಬೆಚ್ಚಗಿರಲಿ ಅಂತ ತಾನೇ ಮುಚ್ಚಿದ್ದು?" ಎಂದಳು ಅಮ್ಮ. "ಈಗ ತೆಗಿ. ಅಳ್ಬೇಡ, ಮೊದಲೇ ಮನೇಲಿ ತೇವ ಜಾಸ್ತಿ."

ಅತ್ತಿಗೆ ಅಳುತ್ತಲೇ ನಕ್ಕಳು. ಮಧ್ಯಾಹ್ನವೇ ಉಳಿ ಸುತ್ತಿಗೆ ಹಿಡಿದು, ತಾನೇ ನಯವಾಗಿ ಸವರಿದ್ದ ಗಾರೆಯನ್ನು ಒಡೆದು ಗವಾಕ್ಷಿಯನ್ನು ತೆರೆದಳು. ಅಡುಗೆಮನೆಗೂ ಬಚ್ಚಲಿಗೂ ತೇವದ ಗಾಳಿಯನ್ನು ಹೊರದೂಡುವ ಫ್ಯಾನು ಕೂರಿಸಿದಳು. ಗೋಡೆ ಉಜ್ಜಿ ಸುಣ್ಣ ಬಳಿದಳು. ದಿನವೂ ಬೆಳಗ್ಗೆ ತುಸು ಹೊತ್ತು ಕಿಟಕಿಗಳನ್ನು ತೆರೆದಿಡುವ ಕಾಯಿದೆ ಜಾರಿಗೆ ಬಂತು. ಮನೆ ಮೊದಲಿನಷ್ಟೇ ಬೆಚ್ಚಗಿತ್ತು. ಅಮ್ಮನ ಉಸಿರು ಮೆಲ್ಲಮೆಲ್ಲನೆ ಹದಕ್ಕೆ ಬಂತು.

ಪ್ರೀತಿಯನ್ನು ಬಾಯಿಬಿಟ್ಟು ಆಡಲಾರದೆ, ಕೈಕೆಲಸದಲ್ಲೇ ನಿವೇದಿಸಿಬಿಡುವ ಜನ ಕೆಲವರಿರುತ್ತಾರೆ. ಇವರೊಡನೆ ಬಾಳುವುದು ಅಷ್ಟು ಸುಲಭವಲ್ಲ. ನಮ್ಮ ಸುಖ ಯಾವುದರಲ್ಲಿದೆಯೆಂಬ ಖಾತ್ರಿ ನಮಗಿಂತ ಅವರಿಗೇ ಹೆಚ್ಚು. ಅವರು ಎಡವುವುದೂ ಆ ಅಕ್ಕರೆಯ ಅತಿರೇಕದಲ್ಲೇ. ಎಡವಿದ್ದು ತಿಳಿದಾಗ ಮಾತ್ರ, ಕಟ್ಟುವಾಗ ತೋರಿದ ಅದೇ ಛಲದಿಂದ ತಾವು ಕಟ್ಟಿದ್ದನ್ನು ಒಡೆಯಲು ನಿಲ್ಲುತ್ತಾರೆ. ಹಠಮಾರಿಗಳಿಗೂ ಇವರಿಗೂ ಇರುವ ವ್ಯತ್ಯಾಸ ಅದೊಂದೇ, ಆದರೆ ಅದೇನು ಸಣ್ಣದಲ್ಲ. ಸಂಸಾರಕ್ಕೆ ಇಂಥವರೊಬ್ಬರು ಇರಲೇಬೇಕು. ಇಬ್ಬರಿದ್ದರೆ ಮಾತ್ರ ಉಳಿದವರ ಪಾಡು ಕಷ್ಟ.