ಶಾಕಪ್ಪಿಗೆ ತಂದ ಎಕ್ಸ್‌ರೇ

ಎಣ್ಣೆ, ಮತ್ತೆ ಎಣ್ಣೆ, ಬೆಳಿಗ್ಗೆ ಒರೆಸಿ ಹೊರಟಿದ್ದೆ, ಬಾದನಹಟ್ಟಿಯಿಂದ ಕುರುಗೋಡಿಗೆ ಬರುವಷ್ಟರಲ್ಲಿ ಬೈಕಿನ ಮುಂದಿನ ಶಾಕಪ್ಪಿನ ಕೊಳವೆ ಮೇಲೆ ಮತ್ತೆ ಮಿರಮಿರ, ಇಳಿದು ಇಳಿದು ಚಕ್ರದ ತನಕ — ಬ್ರೇಕಿಗೆ ಇಳೀತಂದ್ರ ಗಾಡಿ ನಿಲ್ಲಂಗಿಲ್ರೀ ಅಕ್ಕಾರ, ಅಂದಿದ್ದ ಮೆಕ್ಯಾನಿಕ್ ಇಮಾಮಹುಸೇನ್ ನಿನ್ನೆ, ನಟ್ಟು ಬಿಚ್ಚುವ ಪಾನಾದಿಂದ ಬೆನ್ನು ಕೆರೆದುಕೊಳ್ಳುತ್ತ, ಎಣ್ಣಿ ತಡಿಯೋ ಸೀಲಿನ ಬಾಯಾಗ ಕೆಸರು ಕುಂತೈತಿ, ಹಳೇ ಎಕ್ಸ್‌ರೇ ಇದ್ರ ತರ್ರಿ, ಒಂದು ಪಟ್ಟಿ ಕತ್ತರಿಸಿ ಒಳಗ ಆಡಿಸಿದ್ರ ಕಸ ಹೊರಗ ಬರತೈತಿ, ಸೋರೋದು ನಿಲ್ಲಲಿಲ್ಲಂದ್ರ ಬಳ್ಳಾರಿಯಿಂದ ಹೊಸ ಸೀಲ್ ತರಸೂಣು. ಕೆಸರು ಕೂರದೆ ಏನು ಮಾಡೀತು, ನಾಟಿ ಶುರುವಾದರೆ ಸಿರುಗುಪ್ಪದ ದಾರಿಯೆಲ್ಲ ಗದ್ದೆಯೇ, ಟ್ರ್ಯಾಕ್ಟರುಗಳು ಅರ್ಧ ಹೊಲವನ್ನು ಗಾಲಿಗೆ ಮೆತ್ತಿಕೊಂಡು ರಸ್ತೆಗೆ ಹತ್ತುತ್ತವೆ, ಅದರ ಮೇಲೆಯೇ ನಾನು, ದಿನಾ, ಅಕ್ಕಿ ಗಿರಣಿಯ ಆಫೀಸಿಗೆ, ಸೀರೆಯ ನೆರಿಗೆ ತೊಡೆಯಡಿ ಒತ್ತಿಕೊಂಡು. ಗಂಡ ಸತ್ತು ವರ್ಷ ತುಂಬಿಲ್ಲ, ಅವನ ಗಾಡಿ ಹತ್ತಿ ತಿರುಗತಾಳ ನೋಡು — ಎದುರು ಮನೆಯ ಚನ್ನವೀರಮ್ಮ, ಹೇಳಲಿ, ಊರ ಬಾಯಿಗೆ ಬೀಗ ಹಾಕಿದವರು ಯಾರು, ಅವಳ ಮಗಳಿಗೆ ಜ್ವರ ಬಂದಾಗ ದವಾಖಾನೆಗೆ ಇದೇ ಗಾಡಿ ಬೇಕಾಗಿತ್ತು. ಓಡಿಸುವುದು ಕಷ್ಟವಾಗಲಿಲ್ಲ ನನಗೆ. ಕಷ್ಟವಾದದ್ದು ಮುಂದೆ ಕೂಡುವುದು, ಮುಂದೆ ಬರೀ ರಸ್ತೆ, ಗಾಳಿ, ಕಣ್ಣಿಗೆ ಹುಳ, ಮದುವೆಯಾದಾಗಿನಿಂದ ಹಿಂದೆಯೇ ಕೂತವಳಿಗೆ ಎದುರಿಗೆ ಅವರ ಬೆನ್ನು ಇರುತ್ತಿತ್ತು, ಆ ಬೆನ್ನು ಬೇಕು ಅನಿಸುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ, ಗೇರು ಬದಲಿಸುವಾಗ ಕೂಡ.

ಟ್ರಂಕಿನ ಹಿಂದೆ ಅತ್ತೆಯ ಮೊಣಕಾಲಿನ ಎಕ್ಸ್‌ರೇ ಇತ್ತು, ಕೇಳಿದರೆ, ಒಯ್ಯಿ, ಮೊಣಕಾಲು ನನ್ನ ಹತ್ರಾನ ಐತಿ, ಅದರ ಚಿತ್ರ ತಗೊಂಡು ಏನ್ಮಾಡ್ಲಿ ಅಂದರು, ಲಕೋಟೆ ಬಿಚ್ಚಿಯೂ ನೋಡದೆ ತಂದೆ, ಈಗ ಇಮಾಮಹುಸೇನ್ ಹಾಳೆಯನ್ನು ಬಿಸಿಲಿಗೆ ಹಿಡಿದಿದ್ದಾನೆ, ಇನ್ನೊಂದು ಕೈಯಲ್ಲಿ ಕತ್ತರಿ, ಇದು ಮೊಣಕಾಲಲ್ರೀ, ಭುಜ ಐತಿ. ಭುಜ — ಅವರದೇ, ಕರೂರಿನ ಕಾಲುವೆ ಏರಿಯ ಮೇಲೆ ಜಾರಿ ಬಿದ್ದದ್ದು, ಬಳ್ಳಾರಿಗೆ ಹೋಗಿ ತೆಗೆಸಿದ್ದು, ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು, ಲಕೋಟೆ ಅದಲುಬದಲು ಮಾಡಿಟ್ಟವಳು ನಾನೇ ಇರಬೇಕು. ಯಾರದ್ರೀ ಇದು, ಕೇಳುತ್ತಾನೆ, ಹೆಸರು ನಾಲಿಗೆಯ ತನಕ ಬಂದು ನಿಲ್ಲುತ್ತದೆ, ಮದುವೆಯ ದಿನ ಹೆಂಗಸರೆಲ್ಲ ಸೇರಿ ಒಡಪಿನಲ್ಲಿ ಹೇಳಿಸಿದ್ದರು, ಆಮೇಲೆ ಬರೀ ರೀ, ನೋಡ್ರಿ, ಕೇಳಿಸ್ತೇನ್ರಿ, ಈಗ ಕರೆಯಬೇಕು ಅನಿಸುತ್ತದೆ, ಚನ್ನಬಸವರಾಜ, ಚನ್ನಬಸವರಾಜ, ಓಗೊಡುವವರು ಇಲ್ಲದಾಗ. ನಮ್ಮ ಮನಿಯವರದು, ಅಂದೆ. ಕತ್ತರಿ ಕೆಳಗಿಳಿಯಿತು. ಅವನು ಮೆಲ್ಲಗೆ, ಭುಜದ ಮ್ಯಾಲಿಂದ ಬರೀ ಕರಿ ಜಾಗ ಐತ್ರೀ ಅಕ್ಕಾರ, ಅಲ್ಲಿ ಒಂದು ಪಟ್ಟಿ ತಗೀಲೇನು, ಎಲುಬಿಗೆ ಕತ್ತರಿ ತಾಕಂಗಿಲ್ಲ. ಒಳ್ಳೆಯ ಮನುಷ್ಯ, ಅವನಿಗೇನು ಗೊತ್ತು, ಬರೀ ಕರಿ ಅಲ್ಲ ಅದು, ನನ್ನ ಕೈ ಇರುತ್ತಿದ್ದ ಜಾಗ, ಒಂದು ಕಡೆಗೆ ಕಾಲು ಹಾಕಿ ಕೂತು ಬಲಗೈ ಇಡುತ್ತಿದ್ದುದು ಅಲ್ಲೇ, ಬಿರುಕು ಬಿಟ್ಟಾಗ ಕಟ್ಟಿದ್ದ ಪಟ್ಟಿ ಬಿಚ್ಚಿದ ಮೇಲೆ ಕೈ ತೆಗೆಯಲು ಹೋದರೆ, ಇರಲಿ ಬಿಡು, ಕೈ ಇಟ್ಟರ ನೋವು ಕಡಿಮಿ ಅನಸ್ತೈತಿ ಅಂದರು, ಹಸಿ ಸುಳ್ಳು, ತಗ್ಗು ಬಂದಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದರು, ನಾನೂ ನಂಬಿದವಳ ಹಾಗೆ ಕೂತಿದ್ದೆ. ಬ್ಯಾಡಪ, ಹೊಸ ಸೀಲೇ ತರಸು, ಅಲ್ಲೀ ತನಕ ಬಸ್ಸಿಗೆ ಹೋಗತೀನಿ ಅನ್ನುತ್ತೇನೆ, ಹಾಳೆ ಇಸಿದುಕೊಂಡು ನಾನೇ ಬಿಸಿಲಿಗೆ ಹಿಡಿಯುತ್ತೇನೆ, ಬಸ್ಸು ಹಾರ್ನ್ ಹೊಡೆಯುತ್ತಿದೆ, ಸಿರುಗುಪ್ಪ ಸಿರುಗುಪ್ಪ ಅನ್ನುತ್ತಿದ್ದಾನೆ ಕಂಡಕ್ಟರ್, ಬಿಳಿ ಎಲುಬಿನ ಮೇಲೆ ನನ್ನ ಅಂಗೈ, ಸರಿಯಾಗಿ ಕೂತಿದೆ, ಬಿಸಿಲಿಗೆ ಕಾದ ಹಾಳೆ, ಅಂಗೈ, ಎಲುಬು, ಅಂಗೈ — ಭುಜ ಬೆಚ್ಚಗಿದೆ