ನಸ್ಸಾವ್ ಪಾಸಿಂಗ್

ನಮ್ಮ ಯಜಮಾನರು ಜಗದೇವಪ್ಪನವರದು ಒಂದು ಸ್ಲೀಪರ್ ಬಸ್ಸು. ಜೇವರ್ಗಿಯಲ್ಲಿ ಹೊರಟು, ನಮ್ಮೂರು ಅಫಜಲಪುರ ಹಾದು ಪುಣೆಗೆ ಹೋಗುತ್ತದೆ. ನಂಬರ್ ಪ್ಲೇಟು ಮಾತ್ರ ನಾಗಾಲ್ಯಾಂಡದ್ದು. ಗಾಡಿಯ ನೋಂದಣಿಗೆ ನಮ್ಮ ಕಡೆ ಪಾಸಿಂಗ್ ಅನ್ನುತ್ತಾರೆ. ಅಲ್ಲಿ ಪಾಸಿಂಗ್ ಮಾಡಿಸಿದರೆ ತೆರಿಗೆಯೂ ಕಡಿಮೆ, ತಕರಾರೂ ಕಡಿಮೆಯಂತೆ. ಆ ರಾಜ್ಯವನ್ನು ಬಸ್ಸೂ ಕಂಡಿಲ್ಲ, ಬಸ್ಸಿನ ಧಣಿಯೂ ಕಂಡಿಲ್ಲ.

ನಮ್ಮ ಮಗಳು ಜಯಮಾಲಾ ಪ್ರವಾಸಿ ಹಡಗೊಂದರಲ್ಲಿ ಕೋಣೆಗಳನ್ನು ಸಜ್ಜುಗೊಳಿಸುವ ಕೆಲಸಕ್ಕಿದ್ದಾಳೆ. ಹೋದ ಬೇಸಿಗೆಯಲ್ಲಿ ಒಂದು ಫೋಟೊ ಕಳಿಸಿದಳು. ಹಡಗಿನ ಹಿಂಬದಿಗೆ ಹಗ್ಗ ಕಟ್ಟಿಕೊಂಡು ಜೋತಾಡುತ್ತಿದ್ದ ಇಬ್ಬರು ಜಿನೋವಾ ಎಂಬ ಇಟಲಿಯ ಊರಿನ ಹೆಸರು ಅಳಿಸಿ ನಸ್ಸಾವ್ ಎಂದು ಬರೆಯುತ್ತಿದ್ದರು. ನಸ್ಸಾವ್ ಬಹಾಮಾಸ್ ದೇಶದ ರಾಜಧಾನಿ, ಆದರೆ ಹಡಗು ಅತ್ತ ಹೋಗುವುದೇ ಇಲ್ಲ, ಮತ್ತೇಕೆ ಆ ಊರಿನ ಹೆಸರು ಎಂದು ಅಪ್ಪನನ್ನು ಕೇಳಿದ್ದಳು. ಯಜಮಾನರಿಗೆ ಹಬ್ಬ, ಫೋನಿನಲ್ಲೇ ಮಗಳಿಗೆ ವಿವರಿಸಿದರು.

"ಅದೂ ನಮ್ಮ ಬಸ್ಸಿನಂಗ ಅವ್ವಾ. ಯಾವ ದೇಶದ ಪಾಸಿಂಗ್ ಇರ್ತದೋ ಹಡಗಿನ ಮ್ಯಾಲ ಆ ದೇಶದ ಕಾಯ್ದೆ. ಟ್ಯಾಕ್ಸ್ ಉಳೀತದ, ಕೆಲಸದವರಿಗೆ ಎಷ್ಟ್ ತಾಸು ದುಡಸ್ತಿ ಅಂತ ಕೇಳೋರು ದೂರ ಇರ್ತಾರ. ಧಣಿ ಭಾಳ ಶಾಣ್ಯಾ ಇದ್ದಾನ."

ಆ ಫೋಟೊವನ್ನು ಪೆಟ್ರೋಲ್ ಬಂಕಿನವರಿಗೆಲ್ಲ ತೋರಿಸಿ ಬಂದರು. ಕೆಲಸದವರ ಪೈಕಿ ನಮ್ಮ ಕೂಸೂ ಒಬ್ಬಳು ಎಂಬುದು ಆ ಶಾಣ್ಯಾ ತಲೆಗೆ ಹೊಳೆಯಲಿಲ್ಲ.

ಮಳೆಗಾಲದಲ್ಲಿ ವಜೀರುನ್ನಿಸಾ ನಮ್ಮ ಮನೆಗೆ ಬಂದಳು. ಜೇವರ್ಗಿಯ ಹುಡುಗಿ, ಪುಣೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಬಸ್ಸಿನಲ್ಲಿ ಮಲಗಿದ್ದಾಗ ಕಂಡಕ್ಟರು ಮತ್ತೆ ಮತ್ತೆ ಪರದೆ ಸರಿಸಿ ಮೈಮುಟ್ಟಿದನೆಂದಳು. ಕಂಡಕ್ಟರು ಅಂದರೆ ನಮ್ಮ ಭಾವನ ಮಗ ಸಿದ್ದಲಿಂಗ. ಯಜಮಾನರು ಚಹಾದ ಬಟ್ಟಲು ಕೆಳಗಿಡಲಿಲ್ಲ. ಗಾಡಿ ನಾಗಾಲ್ಯಾಂಡದ್ದು, ಕಂಪ್ಲೇಂಟ್ ಕೊಡುವುದಿದ್ದರೆ ಅಲ್ಲಿಗೇ ಹೋಗಬೇಕು ಎಂದುಬಿಟ್ಟರು. ನಾನು ಕೊಟ್ಟ ನೀರನ್ನು ಮುಟ್ಟದೆ ಹುಡುಗಿ ಎದ್ದುಹೋದಳು. ನನಗೆ ಸಿಟ್ಟು ಬಂದು ಎರಡು ದಿನ ಅವರೊಡನೆ ಮಾತಾಡಲಿಲ್ಲ. ಅವರಿಗೆ ಅದೂ ಆರಾಮವೇ ಆಯಿತು.

ಮೊನ್ನೆ ಜಯಮಾಲಾ ಫೋನ್ ಮಾಡಿದಳು, ದನಿ ತೀರಾ ಸಣ್ಣಗಿತ್ತು. ಹಡಗು ಮಹಾಸಾಗರ ದಾಟುತ್ತಿದೆ, ಇನ್ನೊಂದು ವಾರ ದಂಡೆ ಇಲ್ಲ. ಅವಳ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯೇ ಇಲ್ಲ. ಜೊತೆಗಿದ್ದ ಹುಡುಗಿ ಹಿಂದಿನ ಬಂದರಿನಲ್ಲೇ ಇಳಿದುಹೋಗಿದ್ದಾಳೆ. ಇವಳ ಮೇಲಧಿಕಾರಿಯೊಬ್ಬ ಪಾಳಿ ಮುಗಿದ ಮೇಲೆ ಬಂದು ಬಾಗಿಲು ಬಡಿಯುತ್ತಾನೆ. ಎಲ್ಲ ಕೋಣೆಗಳ ಕೀಲಿ ಅವನ ಬಳಿ ಇದೆ. ಇವಳು ಬಾಗಿಲಿಗೆ ಟ್ರಂಕು ಒತ್ತಿಟ್ಟು, ಅದರ ಮೇಲೆ ಕೂತು ನಿದ್ದೆಗೆಡುತ್ತಿದ್ದಾಳೆ.

"ದೊಡ್ಡ ಸಾಹೇಬಗ ಹೇಳ್ದೆ ಅವ್ವಾ. ನಕ್ಕ. ಕಂಪ್ಲೇಂಟ್ ಕೊಡೂದಿದ್ರ ನಸ್ಸಾವಕ್ಕ ಹೋಗು ಅಂದ."

ಯಜಮಾನರು ಗರಬಡಿದವರಂತೆ ನಿಂತರು. ಕಲಬುರಗಿಯ ವಕೀಲ ರಾಘವೇಂದ್ರ ಅವರಿಗೆ ಫೋನ್ ಹಚ್ಚಿದೆವು. ನಡುಸಮುದ್ರದಲ್ಲಿ ಬಾವುಟದ ದೇಶದ, ಅಂದರೆ ಪಾಸಿಂಗ್ ಆದ ದೇಶದ ಕಾಯ್ದೆಯೇ ಮೊದಲು ನಡೆಯುತ್ತದೆ, ದಿಲ್ಲಿಗೂ ಬರೆಯೋಣ, ಆದರೆ ದಂಡೆ ಸಿಗುವ ತನಕ ಯಾರೂ ಆ ಬಾಗಿಲಿಗೆ ಹೋಗಲಾರರು ಎಂದರು. ಇವರು ಅತ್ತಿಂದಿತ್ತ ತಿರುಗಾಡುತ್ತ, ಹೆಣ್ಣುಮಗಳು ಕೂಗಿದರೆ ಕೇಳದ ಕಾಯ್ದೆ ಎಂಥ ಕಾಯ್ದೆ ಎಂದು ಕೂಗಾಡಿದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಸುಳ್ಳು. ಮಾಡಿದವರು ಇಲ್ಲಿ ಪಡಸಾಲೆಯಲ್ಲಿದ್ದರು, ಉಣ್ಣುತ್ತಿದ್ದವಳು ನನ್ನ ಮಗಳು.

ನಾನು ಫೋನ್ ಕಸಿದುಕೊಂಡು ವಕೀಲರನ್ನು ಇನ್ನೊಂದು ಮಾತು ಕೇಳಿದೆ. ಬಸ್ಸಿಗೂ ಹಾಗೆಯೇ ಏನು?

"ಬಸ್ಸಿಗ ಹಂಗೇನಿಲ್ರಿ ಬಾಯಾರ. ಪಾಸಿಂಗ್ ಎಲ್ಲಿದಾದ್ರೂ ಇರ್ಲಿ, ಇಲ್ಲಿ ಠಾಣೆದಾಗೇ ಕಂಪ್ಲೇಂಟ್ ಕೊಡಬಹುದು."

ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. ಮಗಳ ಬಾಗಿಲು ನನ್ನ ಕೈಗೆ ಎಟುಕದು. ನಮ್ಮ ಬಸ್ಸಿನ ಬಾಗಿಲು ಅಂಗಳದಲ್ಲೇ ಇತ್ತು.

ಮಧ್ಯಾಹ್ನ ಬಸ್ಸು ಖಾಲಿಯಾಗಿ ಜೇವರ್ಗಿಗೆ ಹೊರಡುತ್ತದೆ. ಹತ್ತಿ ಕೂತೆ. ನಾನು ಕರೆಯದಿದ್ದರೂ ಯಜಮಾನರು ಬಂದು ಪಕ್ಕದಲ್ಲಿ ಕೂತರು. ಬಾಗಿಲ ಬಳಿ ನಿಂತಿದ್ದ ಸಿದ್ದಲಿಂಗ, ಎಲ್ಲಿಗೆ ಕಾಕಿ ಎಂದು ಕೇಳಿದ. ವಜೀರುನ್ನಿಸಾಳ ಮನೆಗೆ ಎಂದೆ. ಅವನು ಹೊರಗೆ ನೋಡತೊಡಗಿದ.

ಊರು ದಾಟುತ್ತಿದ್ದಂತೆ ಫೋನ್ ಬಂತು. ಜಯಮಾಲಾ ಪಿಸುಗುಟ್ಟಿದಳು.

"ಅವ್ವಾ, ಬಡಿಯಾಕತ್ತ್ಯಾನ."

ಫೋನ್ ಇಡಬೇಡ ಎಂದು ಹೇಳಿ ದನಿ ದೊಡ್ಡದು ಮಾಡಿದೆ. ಖಾಲಿ ಬಸ್ಸಿನ ತುಂಬ ಆ ಸದ್ದು ಕೇಳಿಸಿತು. ಜೋರಾಗಿಯೇನಲ್ಲ. ತನ್ನ ಮನೆಗೆ ತಾನೇ ಬಂದವನಂತೆ ನಿಧಾನವಾಗಿ ಬಡಿಯುತ್ತಿದ್ದ.

"ಯಾರ ಬಾಗಲ ಅದು ಕಾಕಿ?" ಎಂದ ಸಿದ್ದಲಿಂಗ.

"ನಿನ್ನ ತಂಗೀದು."

ಅವನು ಕಂಬಿ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತ. ಯಜಮಾನರು ಎದ್ದು ಡ್ರೈವರನ ಬೆನ್ನ ಹಿಂದೆ ಹೋಗಿ ನಿಂತರು.

"ಮೊದ್ಲ ಆ ಹುಡುಗಿ ಮನಿಗಿ ಹೋಗೂಣು. ಆಮ್ಯಾಲ ಗಾಡಿ ಠಾಣೆ ಮುಂದ ನಿಲ್ಲಸು. ಸಿದ್ದಲಿಂಗ ಅಲ್ಲೇ ಇಳೀತಾನ."

ನನ್ನ ಕೈಯ ಫೋನಿನೊಳಗೆ ಆ ಬಾಗಿಲು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು.